ಹೆಸರಾಂತ ಗೋಲ್ಫ್ ಹೋಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಮತ್ತೆ ಕಟ್ಟೋದು ಹೇಗೆ

ಗೋಲ್ಫ್ ಕೋರ್ಸ್ ಕಟ್ಟಲು ಈಗ ಜಮೀನು ಬೇಕಿಲ್ಲ, ಬುಲ್ಡೋಜರೂ ಬೇಕಿಲ್ಲ. ಒಂದು ಕಂಪ್ಯೂಟರ್, ಜೊತೆಗೆ ತಾಳ್ಮೆ ಇದ್ದರೆ ಸಾಕು. 'ದ ಗೋಲ್ಫ್ ಕ್ಲಬ್' ಎಂಬ ವಿಡಿಯೊ ಗೇಮ್ 2014ರಲ್ಲಿ ಬಂದಾಗ ಕೋರ್ಸ್ ಕಟ್ಟುವ ಸಲಕರಣೆಗಳನ್ನು ಸಾಮಾನ್ಯ ಆಟಗಾರರ ಕೈಗೇ ಕೊಟ್ಟಿತು. ಮುಂದೆ ಬಂದ 'ಪಿಜಿಎ ಟೂರ್ 2ಕೆ' ಆಟಗಳಲ್ಲೂ ಅದು ಮುಂದುವರಿಯಿತು. ಇನ್ನು ನಿಜವಾದ ಕ್ಲಬ್ (ಗೋಲ್ಫ್ ಕೋಲು) ಹಿಡಿದು ಪರದೆಯ ಕಡೆಗೆ ಚೆಂಡು ಹೊಡೆಯುವ ಸಿಮ್ಯುಲೇಟರ್‌ಗಳಿವೆ. ಅವುಗಳಲ್ಲಿ ಓಡುವ ಜಿಎಸ್‌ಪ್ರೊದಂಥ ಸಾಫ್ಟ್‌ವೇರ್‌ಗೆ ಹವ್ಯಾಸಿಗಳೇ ಕೂತು ಕೋರ್ಸ್‌ಗಳನ್ನು ಕಟ್ಟಿ ಕೊಡುತ್ತಾರೆ.

ಹೊಸದಾಗಿ ಕಟ್ಟಲು ಕೂತವರು ಸಾಮಾನ್ಯವಾಗಿ ಟಿವಿಯಲ್ಲಿ ನೋಡಿ ಮೆಚ್ಚಿದ ಹೋಲ್‌ನಿಂದಲೇ ಶುರು ಮಾಡುತ್ತಾರೆ. ಹೋಲ್ ಅಂದರೆ ಇಲ್ಲಿ ಬರೀ ಕುಳಿಯಲ್ಲ; ಮೊದಲ ಹೊಡೆತ ಹೊಡೆಯುವ ಟೀಯಿಂದ ಹಿಡಿದು, ಕುಳಿಯ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಗ್ರೀನ್‌ವರೆಗಿನ ಇಡೀ ಜಾಗ. ಅದರಲ್ಲೂ ಜಾಸ್ತಿ ಜನ ಕೈ ಹಾಕೋದು ಫ್ಲಾರಿಡಾದ ಟಿಪಿಸಿ ಸಾಗ್ರಾಸ್ ಕೋರ್ಸಿನ 17ನೇ ಹೋಲ್‌ಗೆ. ನೀರಿನ ನಡುವೆ ದ್ವೀಪದ ಹಾಗೆ ಕೂತ ಗ್ರೀನ್, ದೂರ ಸುಮಾರು 137 ಯಾರ್ಡ್. ನೀರು ಸುರಿದು, ನಡುವೆ ಹಸಿರು ತುಂಡೊಂದನ್ನು ಇಟ್ಟರೆ ನೋಡಲು ಥೇಟ್ ಅದೇ. ಆದರೆ ಆಡಲು ಹೋದರೆ ಸಪ್ಪೆ. ಒಂದು ಕ್ಲಬ್ ಆರಿಸಿ, ಗುರಿ ಇಟ್ಟು ಹೊಡೆದರೆ ಮುಗಿಯಿತು. ಎರಡನೇ ಸಲ ಆಡುವಾಗ ಯೋಚಿಸಲು ಏನೂ ಉಳಿದಿರುವುದಿಲ್ಲ.

ಕಾರಣ ಸರಳ. ಆ ಹೋಲ್ ಕೇಳುವುದು ಒಂದೇ ಪ್ರಶ್ನೆ: ಇಷ್ಟು ದೂರಕ್ಕೆ ನೇರವಾಗಿ ಹೊಡೆಯಬಲ್ಲಿರಾ? ದೊಡ್ಡ ಪಂದ್ಯದ ಕೊನೆಯ ದಿನ, ಗಾಳಿ ಸುತ್ತುತ್ತಿರುವಾಗ, ಸಾವಿರಾರು ಜನ ನೋಡುತ್ತಿರುವಾಗ ಆ ಪ್ರಶ್ನೆ ಭಯಂಕರ. ಮನೆಯಲ್ಲಿ ಕೂತು ಆಡುವವರಿಗೆ ಆ ಒತ್ತಡ ಇರುವುದಿಲ್ಲ, ಅಲ್ವಾ? ಸಾಗ್ರಾಸ್‌ನಲ್ಲಿ ಕೂಡ ಆ ದ್ವೀಪ ಮೊದಲಿನ ನಕ್ಷೆಯಲ್ಲಿ ಇರಲಿಲ್ಲ. ಕೋರ್ಸ್ ಕಟ್ಟಿದ ಪೀಟ್ ಡೈ ಬೇರೆ ಹೋಲ್‌ಗಳಿಗಾಗಿ ಆ ಜಾಗದಿಂದ ಒಳ್ಳೆಯ ಮರಳನ್ನು ತೆಗೆಸುತ್ತಾ ಹೋದರು, ದೊಡ್ಡ ಹಳ್ಳ ಬಿತ್ತು. ಆಗ ಹೆಂಡತಿ ಆಲಿಸ್ ಡೈ, ಸುತ್ತ ನೀರು ತುಂಬಿಸಿ ಗ್ರೀನನ್ನು ದ್ವೀಪ ಮಾಡಿಬಿಡೋಣ ಎಂದರು. ಅಂದರೆ ಆ ಜಾಗದ ಅನಿವಾರ್ಯತೆಯಿಂದ ಹುಟ್ಟಿದ ರೂಪ ಅದು. ನಮ್ಮ ಕೋರ್ಸಿನಲ್ಲಿ ಆ ಅನಿವಾರ್ಯತೆಯೇ ಇಲ್ಲದಿದ್ದರೆ ಉಳಿಯುವುದು ಬರೀ ಚಿತ್ರ.

ಹಾಗಾಗಿ ನಿಜವಾದ ಹೋಲ್‌ನಿಂದ ಸ್ಫೂರ್ತಿ ಪಡೆಯುವಾಗ ಮೊದಲು ಹುಡುಕಬೇಕಾದದ್ದು ಆ ಹೋಲ್ ಆಟಗಾರನ ಮುಂದೆ ಇಡುವ ಪ್ರಶ್ನೆಯನ್ನು. ಆ ಪ್ರಶ್ನೆಗೆ ಎಷ್ಟು ಉತ್ತರಗಳಿವೆ, ಒಂದೊಂದು ಉತ್ತರಕ್ಕೂ ತೆರಬೇಕಾದ ಬೆಲೆ ಏನು ಎಂಬುದು ಗೊತ್ತಾದರೆ ಹೋಲ್‌ನ ಜೀವ ಸಿಕ್ಕಿದ ಹಾಗೆ. ಹೂವು, ಮರ, ಸೇತುವೆ ಎಲ್ಲ ಆಮೇಲೆ.

ನೂರು ವರ್ಷ ಹಿಂದೆಯೇ ಇದನ್ನು ಮಾಡಿದವರು

ಈ ಕೆಲಸಕ್ಕೆ ಒಬ್ಬ ಹಿರಿಯರಿದ್ದಾರೆ, ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್. ಹದಿಹರೆಯದಲ್ಲಿ ಓದಲು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋಗಿ ಗೋಲ್ಫ್ ಹುಚ್ಚು ಹತ್ತಿಸಿಕೊಂಡು ಬಂದ ಅಮೆರಿಕನ್. 1895ರಲ್ಲಿ ಅಮೆರಿಕದ ಮೊದಲ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದರು. ತಮ್ಮ ದೇಶದ ಕೋರ್ಸ್‌ಗಳು ಅವರಿಗೆ ರುಚಿಸುತ್ತಿರಲಿಲ್ಲ. 1900ರ ದಶಕದಲ್ಲಿ ಬ್ರಿಟನ್‌ಗೆ ಮತ್ತೆ ಮತ್ತೆ ಹೋಗಿ ಅಲ್ಲಿನ ಒಳ್ಳೊಳ್ಳೆ ಹೋಲ್‌ಗಳನ್ನು ಅಳೆದು, ಬರೆದುಕೊಂಡು, ಚಿತ್ರ ಮಾಡಿಕೊಂಡು ಬಂದರು. ಆಮೇಲೆ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ನಲ್ಲಿ ಜಮೀನು ಹಿಡಿದು ನ್ಯಾಷನಲ್ ಗೋಲ್ಫ್ ಲಿಂಕ್ಸ್ ಆಫ್ ಅಮೆರಿಕ ಕಟ್ಟಿದರು. ಔಪಚಾರಿಕವಾಗಿ ಅದು ಶುರುವಾದದ್ದು 1911ರಲ್ಲಿ.

ಅವರು ತಂದ ಮಾದರಿಗಳಿಗೆ ಹೆಸರುಗಳಿವೆ: ರೆಡಾನ್, ಆಲ್ಪ್ಸ್, ಈಡನ್, ರೋಡ್, ಬಿಯಾರಿಟ್ಜ್, ಸಹಾರಾ. ಕೇಪ್ ಎಂಬುದು ಅವರದೇ ಹೊಸ ಕಲ್ಪನೆ. ಇವನ್ನು ಗೋಲ್ಫ್ ಜಗತ್ತು ಇವತ್ತಿಗೂ ಟೆಂಪ್ಲೇಟ್ ಹೋಲ್‌ಗಳು ಎನ್ನುತ್ತದೆ. ಮ್ಯಾಕ್‌ಡೊನಾಲ್ಡ್ ಜಮೀನು ಅಳೆಯಲು ಕರೆದುಕೊಂಡ ಎಂಜಿನಿಯರ್ ಸೆತ್ ರೇನರ್ ಅದುವರೆಗೆ ಗೋಲ್ಫ್ ಆಡಿದವರೇ ಅಲ್ಲ. ಆದರೂ ಆ ಮಾದರಿಗಳ ಒಳಗಿನ ಲೆಕ್ಕ ಹಿಡಿದುಕೊಂಡು ಮುಂದೆ ಹತ್ತಾರು ಕೋರ್ಸ್ ಕಟ್ಟಿದರು. ಕಂಪ್ಯೂಟರ್ ಮುಂದೆ ಕೂತು ಕೋರ್ಸ್ ಕಟ್ಟುವವರಿಗೆ ಇದು ಧೈರ್ಯ ಕೊಡುವ ಸಂಗತಿ ಅಂತ ನನ್ನ ಭಾವನೆ. ಚೆನ್ನಾಗಿ ಆಡಲು ಬಾರದಿದ್ದರೂ, ನೆಲ ಚೆಂಡಿಗೆ ಏನು ಮಾಡುತ್ತದೆ ಎಂದು ಅರ್ಥ ಮಾಡಿಕೊಂಡರೆ ಒಳ್ಳೆ ಹೋಲ್ ಕಟ್ಟಬಹುದು.

ರೆಡಾನ್: ಒಂದನ್ನು ಬಿಡಿಸಿ ನೋಡೋಣ

ಎಲ್ಲ ಮಾದರಿಗಳಲ್ಲಿ ಅತಿ ಹೆಚ್ಚು ನಕಲಾಗಿರುವುದು ರೆಡಾನ್. ಮೂಲ ಇರುವುದು ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನಲ್ಲಿ, ವೆಸ್ಟ್ ಲಿಂಕ್ಸ್ ಕೋರ್ಸಿನ 15ನೇ ಹೋಲ್. ಪಾರ್ 3, ಸುಮಾರು 190 ಯಾರ್ಡ್. ಪಾರ್ 3 ಅಂದರೆ ಒಂದೇ ಹೊಡೆತದಲ್ಲಿ ಗ್ರೀನ್ ತಲುಪಿ, ಇನ್ನೆರಡರಲ್ಲಿ ಚೆಂಡನ್ನು ಕುಳಿಗೆ ಹಾಕಬೇಕೆಂಬ ನಿರೀಕ್ಷೆ.

ಟೀಯಲ್ಲಿ ನಿಂತು ನೋಡಿ. ಗ್ರೀನ್ ನಿಮ್ಮ ಎದುರಿಗೆ ನೇರವಾಗಿ ಇಲ್ಲ, ಓರೆಯಾಗಿ ಮಲಗಿದೆ. ಅದರ ಮುಂದಿನ ತುದಿ ಬಲಗಡೆ, ಹಿಂದಿನ ತುದಿ ಎಡಗಡೆ. ಇಳಿಜಾರೂ ಅದೇ ದಿಕ್ಕಿಗೆ: ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ, ಅಂದರೆ ನಿಮ್ಮಿಂದ ದೂರಕ್ಕೆ. ಎಡ ಮುಂಭಾಗದಲ್ಲಿ ಆಳವಾದ ಬಂಕರ್, ಅಂದರೆ ಮರಳಿನ ಗುಂಡಿ. ಬಲ ಮುಂಭಾಗದಲ್ಲಿ ನೆಲ ಭುಜದ ಹಾಗೆ ಸ್ವಲ್ಪ ಎದ್ದಿದೆ. ಕುಳಿಯ ಗುರುತಿಗೆ ನೆಟ್ಟ ಬಾವುಟ ಹೆಚ್ಚಾಗಿ ಎಡ ಹಿಂಭಾಗದಲ್ಲಿ, ಬಂಕರ್‌ನ ಹಿಂದೆ ಇರುತ್ತದೆ.

ಈಗ ಉತ್ತರಗಳನ್ನು ಎಣಿಸಿ. ಬಾವುಟಕ್ಕೇ ಗುರಿ ಇಟ್ಟು ಹೊಡೆದರೆ ಚೆಂಡು ಬಂಕರ್ ದಾಟಬೇಕು, ಬಿದ್ದ ಮೇಲೆ ತಕ್ಷಣ ನಿಲ್ಲಬೇಕು. ಆದರೆ ನೆಲ ಹಿಂದಕ್ಕೆ ಇಳಿಯುತ್ತಿದೆ, ಚೆಂಡು ನಿಲ್ಲದೆ ಗ್ರೀನ್ ದಾಟಿ ಹೋಗುತ್ತದೆ. ಎರಡನೆಯದು, ಬಾವುಟದಿಂದ ದೂರ, ಬಲಗಡೆಯ ಭುಜದ ಮೇಲೆ ಚೆಂಡು ಬೀಳಿಸುವುದು. ನೆಲವೇ ಅದನ್ನು ಎಡಕ್ಕೆ ತಿರುಗಿಸಿ, ಇಡೀ ಗ್ರೀನ್ ಉದ್ದಕ್ಕೂ ಉರುಳಿಸಿ ಬಾವುಟದ ಹತ್ತಿರ ತಂದು ಬಿಡುತ್ತದೆ. ಬಲಗೈ ಆಟಗಾರ ಚೆಂಡನ್ನು ಬಲದಿಂದ ಎಡಕ್ಕೆ ಬಾಗಿಸಿ ಹೊಡೆದರೆ ಇನ್ನೂ ಚೆನ್ನ. ಮೂರನೆಯದು, ಬೇಕೆಂದೇ ಬಲಕ್ಕೆ ಸ್ವಲ್ಪ ಕಮ್ಮಿ ಹೊಡೆದು, ಅಲ್ಲಿಂದ ಚಿಪ್ ಮಾಡಿ (ಚೆಂಡನ್ನು ಮೆಲ್ಲಗೆ ಗ್ರೀನ್ ಮೇಲೆ ಎತ್ತಿ ಹಾಕಿ) ಪಾರ್ ಉಳಿಸಿಕೊಳ್ಳುವುದು. ಮೂರೂ ಸರಿಯಾದ ಉತ್ತರಗಳೇ. ಯಾವುದು ಎಂದು ತೀರ್ಮಾನಿಸುವುದು ಆ ದಿನದ ಗಾಳಿ, ನಿಮ್ಮ ಧೈರ್ಯ, ಸ್ಕೋರ್‌ಕಾರ್ಡ್.

ಇಲ್ಲಿ ನನಗೆ ಬಹಳ ಇಷ್ಟವಾಗುವ ವಿಷಯ ಒಂದಿದೆ. ನಾರ್ತ್ ಬೆರಿಕ್‌ನ ಮೂಲ ಹೋಲ್‌ನಲ್ಲಿ ಟೀಯಿಂದ ಗ್ರೀನ್ ಸರಿಯಾಗಿ ಕಾಣುವುದಿಲ್ಲ, ಮುಂದಿನ ದಿಬ್ಬ ಅಡ್ಡ ಬರುತ್ತದೆ. ಮ್ಯಾಕ್‌ಡೊನಾಲ್ಡ್ ತಮ್ಮ ಕೋರ್ಸಿನ 4ನೇ ಹೋಲ್ ಆಗಿ ರೆಡಾನ್ ಕಟ್ಟಿದಾಗ ಆ ಅಡ್ಡಿಯನ್ನು ಬಿಟ್ಟುಬಿಟ್ಟರು. ಅಲ್ಲಿ ಗ್ರೀನ್ ಕಣ್ಣಿಗೆ ಕಾಣುತ್ತದೆ. ಮೂಲಕ್ಕಿಂತ ಇದೇ ಚೆನ್ನಾಗಿದೆ ಎನ್ನುವವರು ಬಹಳ ಜನ. ಓರೆ, ಇಳಿಜಾರು, ಬಂಕರ್, ಭುಜ ಈ ನಾಲ್ಕನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಆ ಜಾಗಕ್ಕೆ ತಕ್ಕಂತೆ ಬದಲಿಸಿದರು. ಸ್ಫೂರ್ತಿ ಪಡೆಯುವುದು ಅಂದರೆ ಇದೇ.

ಕಂಪ್ಯೂಟರ್‌ನಲ್ಲಿ ರೆಡಾನ್ ಕಟ್ಟುವಾಗ ಮೊದಲು ಗ್ರೀನ್‌ನ ಉದ್ದನೆಯ ಅಕ್ಷವನ್ನು ಟೀಯಿಂದ ಬರುವ ಗೆರೆಗೆ ಸುಮಾರು 45 ಡಿಗ್ರಿ ಓರೆಗೆ ತಿರುಗಿಸಿ. ಆಮೇಲೆ ಇಡೀ ಗ್ರೀನನ್ನು ಒಂದೇ ದಿಕ್ಕಿಗೆ ವಾಲಿಸಿ. ಚಿಕ್ಕ ಚಿಕ್ಕ ಉಬ್ಬು ತಗ್ಗುಗಳನ್ನು ಸೇರಿಸುವ ಆಸೆಯನ್ನು ಇಲ್ಲಿ ತಡೆದುಕೊಳ್ಳಬೇಕು, ಅವು ಚೆಂಡಿನ ಓಟವನ್ನು ಕೆಡಿಸುತ್ತವೆ. ಭುಜದ ಇಳಿಜಾರು ಗ್ರೀನ್‌ನ ಇಳಿಜಾರಿಗಿಂತ ಕಡಿದಾಗಿರಲಿ. ಅದರ ಮೇಲಿನ ಹುಲ್ಲು ಫೇರ್‌ವೇ (ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ದಾರಿ) ಹುಲ್ಲಿನಷ್ಟೇ ಗಿಡ್ಡ ಇರಲಿ. ಆ ಭುಜಕ್ಕೆ ಉದ್ದ ಬಿಟ್ಟ ರಫ್ ಹುಲ್ಲು ಹಾಕಿದರೆ ಚೆಂಡು ಬಿದ್ದಲ್ಲೇ ಸಾಯುತ್ತದೆ, ರೆಡಾನ್ ಕೂಡ ಅದರ ಜೊತೆಗೇ ಸಾಯುತ್ತದೆ.

ನೆಲದ ಗಡಸುತನವೂ ವಿನ್ಯಾಸದ ಭಾಗವೇ

ಗೇಮ್‌ಗಳಲ್ಲಿ ಗ್ರೀನ್ ಎಷ್ಟು ಗಡಸು, ಎಷ್ಟು ವೇಗ, ಗಾಳಿ ಎಷ್ಟು ಎಂದು ಹೊಂದಿಸುವ ಅವಕಾಶ ಇರುತ್ತದೆ. ಜಾಸ್ತಿ ಜನ ಇದನ್ನು ಕೊನೆಗೆ ಸುಮ್ನೆ ಏನೋ ಒಂದು ಇಟ್ಟು ಮುಗಿಸುತ್ತಾರೆ. ರೆಡಾನ್ ನೋಡಿದ ಮೇಲೆ ಇದು ಎಷ್ಟು ದೊಡ್ಡ ತಪ್ಪು ಎಂದು ಗೊತ್ತಾಗುತ್ತದೆ. ಗ್ರೀನ್ ಮೆತ್ತಗಿದ್ದರೆ ಭುಜದ ಮೇಲೆ ಬಿದ್ದ ಚೆಂಡು ಉರುಳುವುದೇ ಇಲ್ಲ. ಬಾವುಟಕ್ಕೆ ನೇರವಾಗಿ ಹೊಡೆದ ಚೆಂಡು ಮಾತ್ರ ಬಿದ್ದಲ್ಲೇ ಕೂರುತ್ತದೆ. ಮೂರು ಉತ್ತರಗಳಿದ್ದ ಹೋಲ್ ಒಂದೇ ಉತ್ತರಕ್ಕೆ ಇಳಿಯಿತು. ನೆಲದ ಆಕಾರದಲ್ಲಿ ಒಂದು ಇಂಚೂ ಬದಲಾಗಿಲ್ಲ, ಆದರೂ ಹೋಲ್ ಬೇರೆಯಾಗಿಬಿಟ್ಟಿತು.

ಬಿಯಾರಿಟ್ಜ್ ಮಾದರಿಯೂ ಹೀಗೆಯೇ. ಅದು 200 ಯಾರ್ಡ್ ದಾಟುವ ಉದ್ದದ ಪಾರ್ 3. ಗ್ರೀನ್‌ನ ನಡುವೆ ಅಡ್ಡಕ್ಕೆ ಆಳದ ಹಳ್ಳ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೋರ್ಸಿನ 9ನೇ ಹೋಲ್ ಇದರ ಹೆಸರಾಂತ ಉದಾಹರಣೆ. ಚೆಂಡು ಹಳ್ಳಕ್ಕಿಂತ ಮೊದಲು ಬಿದ್ದು, ಹಳ್ಳದಲ್ಲಿ ಇಳಿದು ಕಣ್ಮರೆಯಾಗಿ, ಆಚೆ ಕಡೆ ಹತ್ತಿ ಬರುವುದನ್ನು ನೋಡುವುದೇ ಅದರ ಖುಷಿ. ನೆಲ ಗಡಸಾಗಿಲ್ಲದಿದ್ದರೆ ಆ ಖುಷಿ ಇಲ್ಲ.

ಗ್ರೀನ್‌ನ ವೇಗ ಇನ್ನೂ ಸೂಕ್ಷ್ಮ ವಿಷಯ. ಅದನ್ನು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸಾಧನ ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಗೋಲ್ಫರ್ ಇದನ್ನು ರೂಪಿಸಿದರು. ಓರೆಯಾಗಿ ಎತ್ತಿದ ಪಟ್ಟಿಯಿಂದ ಚೆಂಡು ಇಳಿಬಿಟ್ಟರೆ ಸಮತಟ್ಟಾದ ಗ್ರೀನ್ ಮೇಲೆ ಎಷ್ಟು ಅಡಿ ಉರುಳುತ್ತದೋ ಅದೇ ಆ ಗ್ರೀನ್‌ನ ವೇಗ. 10 ಅಂದರೆ ಒಳ್ಳೆ ವೇಗ. 13 ಅಂದರೆ ದೊಡ್ಡ ಪಂದ್ಯಗಳ ಮಟ್ಟ.

ಈಗ ಸಣ್ಣ ಲೆಕ್ಕ ಮಾಡೋಣ. ಗ್ರೀನ್ ಶೇ 3ರಷ್ಟು ಇಳಿಜಾರಾಗಿದೆ ಎಂದುಕೊಳ್ಳಿ, ಅಂದರೆ 10 ಮೀಟರ್‌ಗೆ 30 ಸೆಂಟಿಮೀಟರ್ ಇಳಿಕೆ. ವೇಗ 10 ಇದ್ದರೆ, ಸಮತಟ್ಟಿನಲ್ಲಿ 10 ಅಡಿ ಹೋಗುವ ಚೆಂಡು ಇಳಿಜಾರಿನಲ್ಲಿ ಸುಮಾರು 16 ಅಡಿ ಹೋಗುತ್ತದೆ. ವೇಗ 13 ಮಾಡಿದರೆ ಅದೇ ತಳ್ಳು ಚೆಂಡನ್ನು ಸುಮಾರು 26 ಅಡಿ ಒಯ್ಯುತ್ತದೆ. ಇನ್ನು ಇಳಿಜಾರು ಶೇ 5 ಆಗಿ ವೇಗವೂ 13 ಆದರೆ 70 ಅಡಿ ದಾಟುತ್ತದೆ, ಅಂದರೆ ಗ್ರೀನ್‌ನಿಂದಲೇ ಆಚೆ. ಘರ್ಷಣೆ ಚೆಂಡನ್ನು ತಡೆಯುತ್ತದೆ, ಇಳಿಜಾರು ತಳ್ಳುತ್ತದೆ. ಎರಡರ ನಡುವಿನ ಅಂತರ ಕಮ್ಮಿಯಾದಷ್ಟೂ ದೂರ ಹೀಗೆ ಜಿಗಿಯುತ್ತಾ ಹೋಗುತ್ತದೆ.

ಇದರಿಂದ ತಿಳಿಯುವುದೇನು? ಹಳೆಯ ಕೋರ್ಸ್‌ಗಳ ಗ್ರೀನ್‌ಗಳು ಹುಲ್ಲು ಇಷ್ಟು ಗಿಡ್ಡ ಕತ್ತರಿಸದ ಕಾಲದವು. ಅವುಗಳ ಇಳಿಜಾರನ್ನು ಯಥಾವತ್ತಾಗಿ ನಕಲು ಮಾಡಿ, ಟಿವಿಯಲ್ಲಿ ನೋಡಿದ ವೇಗವನ್ನು ಮೇಲೆ ಹೊರಿಸಿದರೆ ಆಡಲು ಆಗದ ಗ್ರೀನ್ ಸಿಗುತ್ತದೆ. ಇಳಿಜಾರು ಬೇಕೋ ವೇಗ ಬೇಕೋ, ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ವೇಗ ಇಳಿಸಿ, ಇಳಿಜಾರು ಉಳಿಸಿಕೊಳ್ಳುವುದೇ ಸರಿ. ಹೋಲ್‌ನ ಪ್ರಶ್ನೆ ಇರುವುದು ಇಳಿಜಾರಿನಲ್ಲಿ.

ಗಾಳಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕೋರ್ಸಿನ 7ನೇ ಹೋಲ್ 100 ಯಾರ್ಡ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೆಳಗೆ ಪುಟ್ಟ ಗ್ರೀನ್, ಸುತ್ತ ಬಂಕರ್, ಆಚೆ ಸಮುದ್ರ. ಗಾಳಿ ಇಲ್ಲದ ದಿನ ಅದು ಮಕ್ಕಳಾಟ. ಸಮುದ್ರದಿಂದ ಗಾಳಿ ಬೀಸಿದ ದಿನ ಯಾವ ಕ್ಲಬ್ ಹಿಡಿಯಬೇಕೆಂದು ವೃತ್ತಿಪರರೇ ತಡಕಾಡುತ್ತಾರೆ. ಗಾಳಿಯನ್ನು ಸೊನ್ನೆಗೆ ಇಟ್ಟು ಆ ಹೋಲ್ ಕಟ್ಟುವುದರಲ್ಲಿ ಅರ್ಥ ಇಲ್ಲ.

ಟೀಯಲ್ಲೇ ಶುರುವಾಗುವ ಪ್ರಶ್ನೆ

ಪಾರ್ 4 ಹೋಲ್‌ಗಳಲ್ಲಿ ಪ್ರಶ್ನೆ ಎರಡು ಹೊಡೆತಗಳಿಗೆ ಹರಡಿಕೊಂಡಿರುತ್ತದೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನ 17ನೇ ಹೋಲ್, ಅಂದರೆ ರೋಡ್ ಹೋಲ್, ಇದಕ್ಕೆ ಅತ್ಯುತ್ತಮ ಪಾಠ. 495 ಯಾರ್ಡ್, ಪಾರ್ 4. ಗ್ರೀನ್ ಉದ್ದಕ್ಕಿದೆ, ಆದರೆ ಅಗಲ ಕಮ್ಮಿ, ಅದೂ ಓರೆಯಾಗಿ. ಅದರ ಎಡ ಮುಂಭಾಗವನ್ನು ಕೊರೆದುಕೊಂಡು ಕೂತ ಆಳದ ರೋಡ್ ಬಂಕರ್. ಹಿಂದೆ ಟಾರು ರಸ್ತೆ, ಅದರಾಚೆ ಕಲ್ಲಿನ ಗೋಡೆ.

ಬಲಗಡೆಯಿಂದ ಬಂದರೆ ಗ್ರೀನ್‌ನ ಉದ್ದಕ್ಕೆ ಹೊಡೆಯಬಹುದು, ಜಾಗ ಜಾಸ್ತಿ ಸಿಗುತ್ತದೆ. ಎಡಗಡೆಯಿಂದ ಬಂದರೆ ಬಂಕರ್ ಮೇಲಿಂದ, ಗ್ರೀನ್‌ನ ಸಣ್ಣ ಅಗಲಕ್ಕೆ ಹೊಡೆಯಬೇಕು, ಜಾಸ್ತಿಯಾದರೆ ರಸ್ತೆಗೆ. ಹಾಗಾದರೆ ಮೊದಲ ಹೊಡೆತವನ್ನು ಬಲಕ್ಕೇ ಹೊಡೆಯೋಣ ಎಂದರೆ, ಬಲಗಡೆ ಹೋಟೆಲ್ ಇದೆ, ಗಡಿ ಇದೆ. ಗಡಿ ದಾಟಿದರೆ ದಂಡ. ಅಪಾಯದ ಹತ್ತಿರ ಹೋದಷ್ಟೂ ಮುಂದಿನ ಹೊಡೆತ ಸುಲಭ, ದೂರ ಉಳಿದಷ್ಟೂ ಕಷ್ಟ.

ನಕಲು ಮಾಡುವವರು ಸಾಮಾನ್ಯವಾಗಿ ಮೊದಲ ಹೊಡೆತಕ್ಕೆ ಅಡ್ಡ ಬರುವ ಹಸಿರು ಶೆಡ್‌ಗಳನ್ನು, ಹೋಟೆಲ್ ಕಟ್ಟಡವನ್ನು ಬಹಳ ಆಸ್ಥೆಯಿಂದ ಮಾಡುತ್ತಾರೆ. ಅವು ಇಲ್ಲದೆಯೂ ರೋಡ್ ಹೋಲ್ ಕಟ್ಟಬಹುದು. ಮ್ಯಾಕ್‌ಡೊನಾಲ್ಡ್ ಹಾಗೆಯೇ ಕಟ್ಟಿದರು. ಕಟ್ಟಡದ ಜಾಗದಲ್ಲಿ ಮರಳಿನ ಗುಂಡಿ ಇರಲಿ, ಕೆರೆ ಇರಲಿ. ಆದರೆ ಆ ಕೋನ ಇರಲೇಬೇಕು. ಗ್ರೀನನ್ನು ನೇರ ಮಾಡಿದರೆ ಬಲಕ್ಕೆ ಹೋದವನಿಗೂ ಎಡಕ್ಕೆ ಹೋದವನಿಗೂ ಒಂದೇ ಲಾಭ, ಹಾಗಾದಾಗ ಬಲಕ್ಕೆ ಹೋಗುವವರಾದರೂ ಯಾರು?

ಇಲ್ಲಿ ಗೇಮ್ ಮತ್ತು ಸಿಮ್ಯುಲೇಟರ್ ನಡುವಿನ ವ್ಯತ್ಯಾಸವನ್ನೂ ಗಮನಿಸಬೇಕು. ಕಂಟ್ರೋಲರ್ ಹಿಡಿದು ಆಡುವ ಗೇಮ್‌ನಲ್ಲಿ ಆಟಗಾರರ ಹೊಡೆತದ ದೂರ ಹೆಚ್ಚು ಕಮ್ಮಿ ಒಂದೇ. ಬಂಕರ್ ಎಲ್ಲಿದ್ದರೆ ಯೋಚನೆ ಮಾಡಿಸುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಸಿಮ್ಯುಲೇಟರ್‌ನಲ್ಲಿ ಒಬ್ಬ 180 ಯಾರ್ಡ್ ಹೊಡೆಯುತ್ತಾನೆ, ಇನ್ನೊಬ್ಬ 290. ಒಂದೇ ಬಂಕರ್ ಇಬ್ಬರಿಗೂ ಪ್ರಶ್ನೆಯಾಗುವುದಿಲ್ಲ. ಇದಕ್ಕೆ ಹಳೆಯ ವಿನ್ಯಾಸಕಾರರ ಉತ್ತರ, ಅಪಾಯವನ್ನು ಓರೆಯಾಗಿ ಇಡುವುದು. ಕೇಪ್ ಮಾದರಿಯ ಜೀವವೇ ಇದು. ನೀರಿನ ಅಂಚು ಟೀಯಿಂದ ಓರೆಯಾಗಿ ದೂರ ಸರಿಯುತ್ತಾ ಹೋಗುತ್ತದೆ. ಎಷ್ಟು ನೀರು ದಾಟಬಲ್ಲೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಶಕ್ತಿಗೆ ತಕ್ಕ ಗೆರೆ ಆರಿಸಿಕೊಳ್ಳುತ್ತಾರೆ. ಜಾಸ್ತಿ ದಾಟಿದವರಿಗೆ ಗ್ರೀನ್ ಹತ್ತಿರ.

ನಿಜವಾದ ನೆಲವನ್ನು ಪರದೆಗೆ ತರುವುದು

ಇನ್ನು ಸ್ಫೂರ್ತಿ ಸಾಕಾಗದೆ, ಇದ್ದ ನೆಲವನ್ನು ಇದ್ದ ಹಾಗೇ ತರಬೇಕು ಎನ್ನುವವರಿಗೆ ಲೈಡಾರ್ ಇದೆ. ವಿಮಾನದಿಂದ ನೆಲಕ್ಕೆ ಲೇಸರ್ ಕಿರಣಗಳನ್ನು ಬಿಟ್ಟು, ಅವು ಮರಳಿ ಬರಲು ಹಿಡಿದ ಸಮಯದಿಂದ ಎತ್ತರ ಲೆಕ್ಕ ಹಾಕುವ ವಿಧಾನ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆ, ಇಂಗ್ಲೆಂಡಿನ ಪರಿಸರ ಸಂಸ್ಥೆ ಇಂಥ ದತ್ತಾಂಶವನ್ನು ಉಚಿತವಾಗಿಯೇ ಕೊಡುತ್ತವೆ. ಸಾಮಾನ್ಯವಾಗಿ ಸಿಗುವುದು ಒಂದು ಮೀಟರ್ ಚೌಕಕ್ಕೆ ಒಂದು ಎತ್ತರ. ಮರಗಳನ್ನು ಕಳೆದು ಬರೀ ನೆಲದ ಎತ್ತರ ಇರುವ ಕಡತವನ್ನೇ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಮರದ ತಲೆಗಳೆಲ್ಲ ಬೆಟ್ಟಗಳಾಗಿ ಬರುತ್ತವೆ.

ಈ ಎತ್ತರಗಳನ್ನು ಬೂದು ಬಣ್ಣದ ಚಿತ್ರವಾಗಿ ಮಾಡಿಕೊಳ್ಳುತ್ತಾರೆ. ಕಪ್ಪು ಅಂದರೆ ತಗ್ಗು, ಬಿಳಿ ಅಂದರೆ ಎತ್ತರ. ಇದೇ ಹೈಟ್‌ಮ್ಯಾಪ್. ಇಲ್ಲಿ ಒಂದು ಸಣ್ಣ ಆಯ್ಕೆ ಇಡೀ ಕೆಲಸವನ್ನು ಕೆಡಿಸಬಲ್ಲದು. 8 ಬಿಟ್ ಚಿತ್ರದಲ್ಲಿ ಬೂದು ಬಣ್ಣದ 256 ಹಂತಗಳು ಮಾತ್ರ. ನಿಮ್ಮ ಕೋರ್ಸಿನ ಅತಿ ತಗ್ಗಿಗೂ ಅತಿ ಎತ್ತರಕ್ಕೂ 50 ಮೀಟರ್ ವ್ಯತ್ಯಾಸ ಇದ್ದರೆ, ಒಂದೊಂದು ಹಂತವೂ ಸುಮಾರು 20 ಸೆಂಟಿಮೀಟರ್ ಆಗುತ್ತದೆ. ಗ್ರೀನ್ ಮೇಲೆ ಅದು ಮೆಟ್ಟಿಲು. ನಯವಾಗಿ ಇಳಿಯಬೇಕಾದ ಚೆಂಡು ಟಕ್ ಟಕ್ ಎಂದು ಜಿಗಿಯುತ್ತದೆ. 16 ಬಿಟ್‌ನಲ್ಲಿ 65,536 ಹಂತಗಳಿವೆ, ಒಂದು ಹಂತ ಒಂದು ಮಿಲಿಮೀಟರ್‌ಗಿಂತ ಕಮ್ಮಿ. ಯುನಿಟಿಯಂಥ ಗೇಮ್ ಎಂಜಿನ್‌ಗಳು 16 ಬಿಟ್ಟನ್ನೇ ಬಳಸುತ್ತವೆ. ಆದರೆ ನಡುವೆ ಯಾವುದೋ ಚಿತ್ರ ತಂತ್ರಾಂಶದಲ್ಲಿ ತೆರೆದು ಉಳಿಸುವಾಗ ಗೊತ್ತಾಗದ ಹಾಗೆ 8 ಬಿಟ್‌ಗೆ ಇಳಿದುಬಿಡಬಹುದು. ಪ್ರತಿ ಹಂತದಲ್ಲೂ ಪರೀಕ್ಷಿಸಿಕೊಳ್ಳಿ.

ದತ್ತಾಂಶ ಎಷ್ಟೇ ಚೆನ್ನಾಗಿದ್ದರೂ ಕೈಕೆಲಸ ತಪ್ಪುವುದಿಲ್ಲ. ರೋಡ್ ಬಂಕರ್‌ನ ಗೋಡೆ ಹೆಚ್ಚು ಕಮ್ಮಿ ನೆಟ್ಟಗೆ ಇದೆ. ಒಂದು ಮೀಟರ್ ಅಂತರದ ಬಿಂದುಗಳ ನಡುವೆ ಆ ಗೋಡೆ ಕಳೆದುಹೋಗಿ, ಬಂಕರ್ ಬರೀ ಒಂದು ತಗ್ಗಾಗಿ ಬರುತ್ತದೆ. ಫೋಟೋ ಪಕ್ಕದಲ್ಲಿಟ್ಟುಕೊಂಡು ಅಂಚುಗಳನ್ನು ಕೈಯಿಂದಲೇ ಎತ್ತಬೇಕು. ಗ್ರೀನ್ ಕೂಡ ಅಷ್ಟೇ. ಲೈಡಾರ್‌ನ ಎತ್ತರಗಳಲ್ಲಿ ಸೆಂಟಿಮೀಟರ್‌ಗಳ ಏರುಪೇರು ಸಹಜ. ಅದನ್ನು ನಯ ಮಾಡಬೇಕು, ಆದರೆ ನಿಜವಾದ ಇಳಿಜಾರು ಅಳಿಸಿಹೋಗುವಷ್ಟು ನಯ ಮಾಡಬಾರದು. ಯಾವುದು ಏರುಪೇರು, ಯಾವುದು ನಿಜವಾದ ಇಳಿಜಾರು ಎಂದು ಹೇಳುವುದು ಹೇಗೆ? ಮತ್ತೆ ಆ ಪ್ರಶ್ನೆಗೇ ಬರಬೇಕು. ರೆಡಾನ್‌ನಲ್ಲಿ ಚೆಂಡು ಎಡ ಹಿಂದಕ್ಕೆ ಉರುಳಬೇಕು ಎಂದು ಗೊತ್ತಿದ್ದರೆ, ಅದನ್ನು ತಡೆಯುವ ಉಬ್ಬು ಏರುಪೇರೇ ಆಗಿರುವ ಸಾಧ್ಯತೆ ಹೆಚ್ಚು.

ಗೇಮ್‌ನಿಂದ ನೆಲಕ್ಕೆ ಮರಳಿದ ಕೋರ್ಸ್

ಇದೆಲ್ಲ ಬರೀ ಆಟ ತಾನೇ ಎನ್ನುವವರಿಗೆ ಲಿಡೊ ಕೋರ್ಸಿನ ಕತೆ ಹೇಳಲೇಬೇಕು. ಮ್ಯಾಕ್‌ಡೊನಾಲ್ಡ್ ಮತ್ತು ರೇನರ್ ಲಾಂಗ್ ಐಲ್ಯಾಂಡ್‌ನ ಸಮುದ್ರ ತೀರದಲ್ಲಿ, ಜೌಗು ನೆಲಕ್ಕೆ ಅಪಾರ ಮರಳು ತುಂಬಿಸಿ ಕಟ್ಟಿದ ಕೋರ್ಸ್ ಅದು. 1917ರಲ್ಲಿ ಶುರುವಾಯಿತು. ಅದರ 18ನೇ ಹೋಲ್‌ಗೆ ಇನ್ನೊಂದು ಹಿನ್ನೆಲೆ ಇದೆ. 1914ರಲ್ಲಿ 'ಕಂಟ್ರಿ ಲೈಫ್' ಪತ್ರಿಕೆ ನಡೆಸಿದ ಹೋಲ್ ವಿನ್ಯಾಸ ಸ್ಪರ್ಧೆಯಲ್ಲಿ ಆಲಿಸ್ಟರ್ ಮೆಕೆಂಜಿ ಗೆದ್ದ ಚಿತ್ರದಿಂದ ಅದು ಮೂಡಿತು. ಟೀಯಿಂದ ಗ್ರೀನ್‌ಗೆ ಹಲವು ದಾರಿಗಳಿದ್ದ ಹೋಲ್ ಅದು. ಮುಂದೆ ಅಗಸ್ಟಾ ನ್ಯಾಷನಲ್ ಕೋರ್ಸನ್ನು ಬಾಬಿ ಜೋನ್ಸ್ ಜೊತೆ ರೂಪಿಸಿದವರು ಇದೇ ಮೆಕೆಂಜಿ. ಎರಡನೇ ಮಹಾಯುದ್ಧದ ವೇಳೆ ಲಿಡೊ ಜಾಗ ಅಮೆರಿಕದ ನೌಕಾಪಡೆಯ ಕೈಗೆ ಹೋಯಿತು. ಆ ಕೋರ್ಸ್ ಮತ್ತೆ ಹಿಂದಿನ ರೂಪಕ್ಕೆ ಬರಲಿಲ್ಲ.

ಪೀಟರ್ ಫ್ಲೋರಿ ಎಂಬ ಗೋಲ್ಫ್ ಇತಿಹಾಸದ ಹವ್ಯಾಸಿ ಅದನ್ನು 'ದ ಗೋಲ್ಫ್ ಕ್ಲಬ್ 2019' ಗೇಮ್‌ನ ಸಲಕರಣೆಗಳಿಂದ ಮತ್ತೆ ಕಟ್ಟಿದರು. ನೆಲವೇ ಇಲ್ಲದ ಮೇಲೆ ಲೈಡಾರ್ ಎಲ್ಲಿಂದ ಬರಬೇಕು? ಅವರ ಕೈಯಲ್ಲಿದ್ದದ್ದು ಹಳೆಯ ಫೋಟೋಗಳು, ವಿಮಾನದಿಂದ ತೆಗೆದ ಚಿತ್ರಗಳು, ನಕ್ಷೆಗಳು, ಆ ಕಾಲದ ಬರಹಗಳು. ಆ ಡಿಜಿಟಲ್ ಮಾದರಿಯನ್ನು ಆಧಾರವಾಗಿ ಇಟ್ಟುಕೊಂಡು ವಿನ್ಯಾಸಕಾರ ಟಾಮ್ ಡೋಕ್ ಅವರ ತಂಡ ವಿಸ್ಕಾನ್ಸಿನ್ ರಾಜ್ಯದ ಸ್ಯಾಂಡ್ ವ್ಯಾಲಿಯಲ್ಲಿ, ಜಿಪಿಎಸ್ ಅಳವಡಿಸಿದ ಯಂತ್ರಗಳಿಂದ ನಿಜವಾದ ಲಿಡೊವನ್ನು ಮರಳಿ ಕಟ್ಟಿತು. 2023ರಲ್ಲಿ ಅದು ಆಟಕ್ಕೆ ತೆರೆಯಿತು. ಸ್ಕಾಟ್ಲೆಂಡಿನ ನೆಲದಿಂದ ಮ್ಯಾಕ್‌ಡೊನಾಲ್ಡ್ ಅವರ ಟಿಪ್ಪಣಿಗೆ, ಟಿಪ್ಪಣಿಯಿಂದ ಲಾಂಗ್ ಐಲ್ಯಾಂಡ್‌ಗೆ, ಅಲ್ಲಿಂದ ಫೋಟೋಗೆ, ಫೋಟೋದಿಂದ ಗೇಮ್‌ಗೆ, ಗೇಮ್‌ನಿಂದ ಮತ್ತೆ ನೆಲಕ್ಕೆ. ಇಷ್ಟು ಕೈ ದಾಟಿದರೂ ರೆಡಾನ್ ರೆಡಾನ್ ಆಗಿಯೇ ಉಳಿದಿದೆ ಎಂದರೆ ಅದರ ಒಳಗಿನ ಲೆಕ್ಕ ಎಷ್ಟು ಗಟ್ಟಿ ನೋಡಿ.

ಹದಿನೆಂಟನ್ನು ಜೋಡಿಸುವುದು

ಹೆಸರಾಂತ 18 ಹೋಲ್‌ಗಳನ್ನು ಸಾಲಾಗಿ ಇಟ್ಟರೆ ಕೋರ್ಸ್ ಆಗುವುದಿಲ್ಲ. ಪೈನ್ ಮರಗಳ ಕಾಡಿನಿಂದ ಆಚೆ ಬಂದ ಕೂಡಲೇ ಮರವೇ ಇಲ್ಲದ ಮರಳು ದಿಬ್ಬ, ಅದರ ಪಕ್ಕ ಬಂಡೆಗಲ್ಲಿನ ಕಡಲು. ಇದೆಲ್ಲ ಒಂದೇ ಜಾಗ ಅನ್ನಿಸುವುದೇ ಇಲ್ಲ. ಮ್ಯಾಕ್‌ಡೊನಾಲ್ಡ್ ಮೊದಲು ತಮ್ಮ ಜಮೀನಿನಲ್ಲಿ ಅಡ್ಡಾಡಿ, ರೆಡಾನ್‌ಗೆ ಒಗ್ಗುವ ದಿಬ್ಬ ಎಲ್ಲಿದೆ, ಆಲ್ಪ್ಸ್‌ಗೆ ಬೇಕಾದ ಗುಡ್ಡ ಎಲ್ಲಿದೆ ಎಂದು ಹುಡುಕಿದರು. ನಾವೂ ಹಾಗೆಯೇ ಮಾಡಬಹುದು. ಮೊದಲು ಒಂದೇ ಬಗೆಯ ನೆಲ ಆರಿಸಿ, ಅದರ ಏರುತಗ್ಗುಗಳನ್ನು ಚೆನ್ನಾಗಿ ಸುತ್ತಿ ನೋಡಿ, ಯಾವ ಮಾದರಿ ಎಲ್ಲಿ ಕೂರುತ್ತದೋ ಅಲ್ಲಿ ಕೂರಿಸಿ. ಜಾಗ ಸಿಗದ ಮಾದರಿಯನ್ನು ಬಿಟ್ಟುಬಿಡಿ. ಪಾರ್ 3 ಹೋಲ್‌ಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರಲಿ, ಆಗ ಒಂದೇ ಗಾಳಿ ಪ್ರತಿ ಹೋಲ್‌ನಲ್ಲೂ ಬೇರೆ ಥರ ಕಾಡುತ್ತದೆ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಟೆಕ್ಸಸ್‌ನಲ್ಲಿ ಟೂರ್ 18 ಎಂಬ ಕೋರ್ಸ್ ಪೆಬಲ್ ಬೀಚ್, ಪೈನ್‌ಹರ್ಸ್ಟ್, ಹಾರ್ಬರ್ ಟೌನ್ ಕೋರ್ಸ್‌ಗಳ ಒಂದೊಂದು ಹೋಲನ್ನು ನೆಲದ ಮೇಲೆಯೇ ನಕಲು ಮಾಡಿ ಕಟ್ಟಿತ್ತು. ಮೊಕದ್ದಮೆ ಮೇಲ್ಮನವಿ ನ್ಯಾಯಾಲಯದವರೆಗೂ ಹೋಗಿ 1998ರಲ್ಲಿ ತೀರ್ಪು ಬಂತು. ಹಾರ್ಬರ್ ಟೌನ್‌ನ 18ನೇ ಹೋಲ್‌ನ ಹಿಂದಿರುವ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭವನ್ನು ನಕಲು ಮಾಡಿದ್ದು, ಹೆಸರುಗಳನ್ನು ಜಾಹೀರಾತಿನಲ್ಲಿ ಬಳಸಿಕೊಂಡ ರೀತಿ, ಇವೆರಡೂ ತಪ್ಪಾದವು. ಮಿಕ್ಕ ಎರಡು ಹೋಲ್‌ಗಳ ಆಕಾರ ನಕಲು ಮಾಡಿದ್ದನ್ನು ನ್ಯಾಯಾಲಯ ತಪ್ಪೆನ್ನಲಿಲ್ಲ. ಅಲ್ಲಿಯೂ ಗುರುತಾಗಿದ್ದು ದೀಪಸ್ತಂಭ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಲಾಂಛನ, ಹೆಸರು, ಗುರುತಿನ ಕಟ್ಟಡಗಳನ್ನು ಬಿಟ್ಟು ಸ್ವಂತ ಹೆಸರು ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಪರೀಕ್ಷೆ. ಕಟ್ಟಿದವರಿಗೆ ಹೋಲ್‌ನ ಗುಟ್ಟೆಲ್ಲ ಗೊತ್ತಿರುತ್ತದೆ, ಹಾಗಾಗಿ ಬೇರೆಯವರಿಂದ ಆಡಿಸಬೇಕು. ಏನನ್ನೂ ಹೇಳಿಕೊಡದೆ ಆಡಿಸಿ, ಮೊದಲ ಹೊಡೆತ ಎಲ್ಲಿ ಬಿತ್ತು ಎಂದು ಮಾತ್ರ ಗುರುತು ಹಾಕಿಕೊಳ್ಳಿ. ಎಲ್ಲರ ಚೆಂಡೂ ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ಆ ಹೋಲ್‌ನಲ್ಲಿ ಆಯ್ಕೆ ಇಲ್ಲ ಎಂದರ್ಥ. ಆಗ ಹೊಸ ಬಂಕರ್ ಸೇರಿಸಲು ಓಡಬೇಡಿ. ಮೊದಲು ಗ್ರೀನನ್ನು ಇನ್ನೊಂದು ಹತ್ತು ಡಿಗ್ರಿ ತಿರುಗಿಸಿ ನೋಡಿ, ಬಾವುಟವನ್ನು ಬಂಕರ್ ಹಿಂದಕ್ಕೆ ಸರಿಸಿ ನೋಡಿ, ಗಡಸುತನವನ್ನು ಒಂದು ಹಂತ ಏರಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಜನರಿಂದ ಮತ್ತೆ ಆಡಿಸಿ. ಚೆಂಡುಗಳು ಎರಡು ಮೂರು ಕಡೆ ಹರಡತೊಡಗಿದ ಮೇಲೆ ಮರ, ಹೂವು, ಸೇತುವೆಗಳ ಕೆಲಸ ಶುರು ಮಾಡಬಹುದು.